ಎಲಚಿ ಮರವೂ ಅದಕ್ಕೆ ಕಣ್ಣು ಹಾಕುವ ಕ್ರಮವೂ

ಎಲಚಿ ಅಥವಾ ಬೋರೆ ಎಂಬ ಮರವು ನಮ್ಮ ಬಯಲುಸೀಮೆಯ ಬದುಗಳಲ್ಲಿಯೂ ಹಳ್ಳದ ದಡಗಳಲ್ಲಿಯೂ ತಾನಾಗಿ ಹುಟ್ಟಿ ಬೆಳೆಯತಕ್ಕದ್ದು. ವರುಷಕ್ಕೆ 20 ಅಂಗುಲದ ಆಸುಪಾಸು ಮಾತ್ರ ಮಳೆಯಾಗುವ ಚಳ್ಳಕೆರೆ, ಪಾವಗಡ ಪ್ರಾಂತಗಳಲ್ಲಿ ಖುಷ್ಕಿ ಪೈರು ಒಣಗಿದ ವರುಷವೂ ಈ ಮರವು ಫಲ ಕೊಡುವುದುಂಟು. ಇದರ ತಾಯಿಬೇರು ಬಹು ಆಳಕ್ಕೆ ಇಳಿಯುವುದೂ, ಕಡು ಬೇಸಿಗೆಯಲ್ಲಿ ಎಲೆಯುದುರಿಸಿ ನೀರಿನ ವೆಚ್ಚವನ್ನು ಉಳಿಸಿಕೊಳ್ಳುವುದೂ ಇದಕ್ಕೆ ಕಾರಣವು. ಕಲ್ಲುನೆಲ, ಮರಳುಭೂಮಿ, ಅಲ್ಪಸ್ವಲ್ಪ ಚೌಳು, ಇವಾವುದನ್ನೂ ಇದು ಲೆಕ್ಕಿಸದು. ಮಲೆನಾಡಿನ ತೇವದ ಹವೆ ಮಾತ್ರ ಒಗ್ಗದು. ಅಲ್ಲಿ ಬೂದಿರೋಗವು ಕಾಯಿಗಳನ್ನು ಕೆಡಿಸುತ್ತದೆ.

ಇಂಥ ಮರವನ್ನು ಬೇಲಿಯ ಮುಳ್ಳಿಗಾಗಿ ಬುಡಸಮೇತ ಕಡಿದುಹಾಕುವ ರೂಢಿಯು ಶೋಚನೀಯವಾದುದು. ಹಣ್ಣು ಸಣ್ಣದು, ಹುಳಿ, ಸಂತೆಯಲ್ಲಿ ಬೆಲೆ ಬಾರದು ಎಂಬುದು ರೈತರ ಆಕ್ಷೇಪಣೆ. ಅದು ನಿಜವೇ. ಆದರೆ ಉಮ್ರಾನ್, ಬನಾರಸಿ ಮೊದಲಾದ ಜಾತಿಗಳ ಕಣ್ಣು ಹಾಕಿದಲ್ಲಿ ಅದೇ ಕಾಡುಬುಡವು ದಪ್ಪನಾದ ಸಿಹಿ ಹಣ್ಣನ್ನು ಎರಡನೆಯ ವರುಷದಿಂದಲೇ ಕೊಡಲಾರಂಭಿಸುವುದು.

ಕಾಡುಮರವನ್ನು ಬೇಸಿಗೆಯಲ್ಲಿ ನೆಲದಿಂದ ಎರಡು ಮೂರು ಅಡಿ ಬಿಟ್ಟು ಕತ್ತರಿಸಬೇಕು. ಮುಂಗಾರಿನ ಹೊತ್ತಿಗೆ ಹೊಸ ಚಿಗುರುಗಳು ಹೊರಡುತ್ತವೆ. ಅವುಗಳಲ್ಲಿ ಬಲವಾದ ಎರಡು ಮೂರನ್ನು ಉಳಿಸಿ, ಸೀಸದಕಡ್ಡಿಯಷ್ಟು ದಪ್ಪವಾದಾಗ, ಎಂದರೆ ಆರಿದ್ರಾ ಮಳೆಯ ಸುಮಾರಿಗೆ, ತೊಗಟೆಯನ್ನು ಉದ್ದಕ್ಕೂ ಅಡ್ಡಕ್ಕೂ ಸೀಳಿ ಒಳ್ಳೆಯ ಜಾತಿಯ ಕಣ್ಣನ್ನು ಸೇರಿಸಿ, ಕಣ್ಣಿನ ಮೊನೆ ಕಾಣುವಂತೆ ಬಾಳೆನಾರಿನಿಂದ ಬಿಗಿಯಬೇಕು. ಕಣ್ಣು ಹತ್ತಿದ ಮೇಲೆ ಅದರ ಕೆಳಗಿನ ಚಿಗುರುಗಳನ್ನು ಆಗಾಗ್ಗೆ ಚಿವುಟದಿದ್ದರೆ ಕಾಡುಜಾತಿಯು ಮೇಲುಗೈಯಾಗಿ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದು. ಇದನ್ನು ಅಲಕ್ಷ್ಯ ಮಾಡುವವರೇ ಹೆಚ್ಚು.

ಹೊಸದಾಗಿ ಬೆಳೆಸುವವರು 25 ಅಡಿಗೊಂದು ಗುಣಿ ತೆಗೆದು ಬೀಜವನ್ನು ಅಲ್ಲಿಯೇ ಊರುವುದು ಉತ್ತಮ. ಪಾತಿಯಿಂದ ಕಿತ್ತು ನೆಟ್ಟರೆ ತಾಯಿಬೇರು ತುಂಡಾಗುವುದು. ಗೊರಟೆಯ ಓಡನ್ನು ಮೆಲ್ಲಗೆ ಒಡೆದು ಬಿತ್ತಿದರೆ ಬೇಗ ಮೊಳೆಯುವುದು.

ಹೂವು ಬಿಡುವುದು ಆಯಾ ವರುಷದ ಹೊಸ ರೆಂಬೆಗಳಲ್ಲಿ. ಆದುದರಿಂದ ಎಲೆಯುದುರಿದ ಚೈತ್ರ ವೈಶಾಖಗಳಲ್ಲಿ ಹಳೆಯ ರೆಂಬೆಗಳನ್ನು ಪ್ರತಿವರ್ಷವೂ ಸವರಬೇಕು. ಬೇಲಿಗೆ ಬೇಕಾದ ಮುಳ್ಳು ಇದರಿಂದಲೇ ದೊರೆಯುವುದು. ಮರ ಕಡಿಯುವ ಕಾರಣವಿಲ್ಲ. ಮಳೆಗಾಲದ ಸೊಪ್ಪು ಆಡುಕುರಿಗಳಿಗೆ ಒಳ್ಳೆಯ ಮೇವು.

ಹಣ್ಣುನೊಣವು ಈ ಬೆಳೆಯ ಮುಖ್ಯ ಶತ್ರು. ಕಾಯಿಯೊಳಗೆ ಬೆಳೆದ ಹುಳುವು ಕೆಳಗಿಳಿದು ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಉದುರಿದ ಹಣ್ಣುಗಳನ್ನು ತಿಪ್ಪೆಗೆ ಎಸೆಯದೆ ಪ್ರತಿದಿನವೂ ಆಯ್ದು ಎರಡು ಅಡಿ ಆಳದಲ್ಲಿ ಹೂಳಬೇಕು. ಬೇಸಿಗೆಯಲ್ಲಿ ಬುಡದ ಸುತ್ತಲೂ ಅಗೆದು ಮಣ್ಣನ್ನು ಬಿಸಿಲಿಗೆ ಒಡ್ಡಬೇಕು. ಒಬ್ಬನು ಮಾತ್ರ ಮಾಡಿದರೆ ನೆರೆಯ ಹೊಲದ ನೊಣವು ಬಂದೇ ಬರುವುದರಿಂದ, ಊರಿನ ಎಲಚಿ ಮರಗಳಿಗೆಲ್ಲ ಒಂದೇ ಕಾಲದಲ್ಲಿ ಈ ಕೆಲಸವು ನಡೆಯುವಂತೆ ಏರ್ಪಡಿಸತಕ್ಕದ್ದು.