ಬಿಡದ ಕೆಮ್ಮೆಲ್ಲ ಧೂಳಿನದಲ್ಲ, ಟಿಬಿಯೂ ಅಲ್ಲ



ಎಣ್ಣೂರಿನಲ್ಲಿ ಹಾರುಬೂದಿ, ಲಾರಿ ಹೊಗೆ ಇದ್ದದ್ದೇ. ಆದ್ದರಿಂದ ಕೆಮ್ಮು ಬಂದರೆ "ಧೂಳಿಗೆ" ಎಂದು ಬಿಟ್ಟುಬಿಡುತ್ತೇವೆ. ನಾನು ಹೃದ್ರೋಗ ವೈದ್ಯ. ಏದುಸಿರು, ಎದೆನೋವು ಎಂದು ಬರುವ ಕೆಲವರ ಹೃದಯ ಚೆನ್ನಾಗಿಯೇ ಇರುತ್ತದೆ, ತೊಂದರೆ ಶ್ವಾಸಕೋಶದಲ್ಲಿರುತ್ತದೆ.

*ಗಮನಿಸಿ:* ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ದನಿ ಒಡೆಯುವುದು, ತೂಕ ಇಳಿಯುವುದು. ಬೀಡಿ ಸೇದದವರಿಗೂ, ಹೆಂಗಸರಿಗೂ ಶ್ವಾಸಕೋಶದ ಕ್ಯಾನ್ಸರ್ ಬರಬಹುದು.

ಮೊದಲು ಕಫ ಪರೀಕ್ಷೆ, ಎಕ್ಸ್‌ರೇ. ಎಕ್ಸ್‌ರೇಯಲ್ಲಿ ಟಿಬಿ, ಕ್ಯಾನ್ಸರ್ ಎರಡೂ ಒಂದೇ ರೀತಿ ಕಾಣಬಹುದು. ಕಫದಲ್ಲಿ ಟಿಬಿ ಸಿಗದಿದ್ದರೆ, ಅಥವಾ ಟಿಬಿ ಮಾತ್ರೆಗೂ ಗುಣ ಕಾಣದಿದ್ದರೆ "ಸಿಟಿ ಸ್ಕ್ಯಾನ್ ಬೇಕೇ?" ಎಂದು ಕೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂದು ಹೆದರಿ ಬಯಾಪ್ಸಿ ತಪ್ಪಿಸಬೇಡಿ. ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯುವುದೇ ಅದರಿಂದ. ಬೇಗ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದು. ಹರಡಿದ್ದರೂ, ಜೀನ್ ಪರೀಕ್ಷೆ ಹೊಂದಿದರೆ ಕೆಲವರಿಗೆ ದಿನದ ಮಾತ್ರೆಯೇ ಚಿಕಿತ್ಸೆ.

ಸರ್ಕಾರಿ ಸ್ಟಾನ್ಲಿ ಆಸ್ಪತ್ರೆ ಉತ್ತರ ಚೆನ್ನೈಯಲ್ಲೇ ಇದೆ. ಅಡ್ಯಾರಿನಲ್ಲಿ 1954ರಿಂದ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಇದೆ. ಹಳೆಯ ಎಕ್ಸ್‌ರೇಗಳನ್ನೂ ಒಯ್ಯಿರಿ. "ಹಬ್ಬಕ್ಕೆ ಊರಿಗೆ ಹೋದಾಗ ತೋರಿಸೋಣ" ಎಂದು ಕಾಯಬೇಡಿ.

ಮನೆಯ ಹಿರಿಯರಿಗೆ ಓದಿ ಹೇಳಿ.