ಅಜ್ಜನ ಪದಕ: ಹಕ್ಕು ಯಾರದು, ಧರಿಸುವುದು ಹೇಗೆ?

ಮನೆಯಲ್ಲಿ ಹಿರಿಯರ ಸೇನಾ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲೋ ಹಿಂಬದಿಯಲ್ಲೋ ಸೇವಾ ಸಂಖ್ಯೆ, ಹುದ್ದೆ, ಹೆಸರು ಸಾಮಾನ್ಯವಾಗಿ ಕೊರೆದಿರುತ್ತವೆ. ಕಳವಾದಾಗ, ಮನೆಯಲ್ಲಿ ತಕರಾರು ಎದ್ದಾಗ ಆ ಒಂದು ಸಾಲೇ ಗಟ್ಟಿ ಸಾಕ್ಷಿ. ಆಯುಧಪೂಜೆಗೆಂದು ಹುಣಸೆಹಣ್ಣು, ಬ್ರಾಸೋ ಹಚ್ಚಿ ಉಜ್ಜುವವರು ಮೊದಲು ಅಳಿಸುವುದೂ ಅದನ್ನೇ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಕಪ್ಪಾಗಿದ್ದರೆ ಇರಲಿ ಬಿಡಿ. ರಿಬ್ಬನ್ ಬಿಸಿಲಿಗೆ ಮಾಸುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಪ್ರತಿಕೃತಿ ಹಾಕಿ, ಮೂಲವನ್ನು ಲಾಕರಿನಲ್ಲಿಡುವುದು ಜಾಣತನ. ಎರಡೂ ಬದಿಯ ಜೊತೆಗೆ ಅಂಚಿನ ಫೋಟೊವನ್ನೂ ತೆಗೆದಿಡಿ.

ಸೈನಿಕ ತೀರಿಕೊಂಡ ಮೇಲೆ ಪದಕ ಹಿರಿಮಗನಿಗೆ ಎಂಬುದು ರೂಢಿಯ ಮಾತು, ಕಾನೂನಿನದಲ್ಲ. ಅದು ಚರಾಸ್ತಿ. ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಸಮಾನ ವಾರಸುದಾರರು. ಬೇರೆ ಧರ್ಮದವರಿಗೆ ಅವರವರ ಕಾನೂನು. ಮದುವೆಯಾಗಿ ಹೋದ ಮಗಳಿಗೇನು ಎಂದು ಕೇಳುವವರು ಇದನ್ನು ಗಮನಿಸಲಿ. ಪದಕಗಳ ಸಾಲನ್ನು ತಲೆಗೊಂದರಂತೆ ಹಂಚಿದರೆ ಯಾರಿಗೂ ಏನೂ ಸಿಕ್ಕಂತಾಗುವುದಿಲ್ಲ. ಹಿರಿಯರು ಬದುಕಿದ್ದಾಗಲೇ ಇಬ್ಬರು ಸಾಕ್ಷಿಗಳೆದುರು ಉಯಿಲಿನಲ್ಲಿ ಒಂದು ಸಾಲು ಬರೆಸಿ. ನೋಂದಣಿ ಕಡ್ಡಾಯವಲ್ಲ.

ಧರಿಸುವ ವಿಚಾರ. ಪದಕ ಗಳಿಸಿದವರು ಎಡ ಎದೆಯ ಮೇಲೆ ಧರಿಸುತ್ತಾರೆ. ಯುದ್ಧ ಸ್ಮಾರಕದ ಗೌರವಾರ್ಪಣೆ, ಅಂತ್ಯಕ್ರಿಯೆಗಳಲ್ಲಿ ಮೃತ ಸೈನಿಕನ ಹತ್ತಿರದ ಬಂಧುಗಳು ಬಲ ಎದೆಯ ಮೇಲೆ ಧರಿಸಬಹುದೆಂದು ಭೂಸೇನೆ 2018ರಲ್ಲಿ ಅನುಮತಿ ಕೊಟ್ಟಿದೆ. ಸೈನಿಕನಲ್ಲದವನು ತಾನು ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೇನೆಯ ಉಡುಪು, ಲಾಂಛನ ತೊಟ್ಟರೆ ಮಾತ್ರ ಅಪರಾಧ: ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ 3 ತಿಂಗಳವರೆಗೆ ಸೆರೆ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೆಚ್ಚಿನ ಪದಕಗಳು ಕೈತಪ್ಪುವುದು ಕಳ್ಳರಿಂದಲ್ಲ, ಸಂಕೋಚದಿಂದ. ಶಾಲೆಯವರೋ ಸಂಘದವರೋ ಪ್ರದರ್ಶನಕ್ಕೆಂದು ಕೇಳುತ್ತಾರೆ, ಕಾಗದ ಕೇಳಲು ನಮಗೆ ನಾಚಿಕೆ. ಚರಾಸ್ತಿಯ ದಾನ ಬರೀ ಹಸ್ತಾಂತರದಿಂದಲೂ ಪೂರ್ಣಗೊಳ್ಳುತ್ತದೆ. ಹಾಗಾಗಿ ಬರಹವಿಲ್ಲದೆ ಕೊಟ್ಟ ಪದಕ ದಾನವೋ ಎರವಲೋ ಎಂದು ಹತ್ತು ವರ್ಷದ ಮೇಲೆ ಯಾರು ಹೇಳಬೇಕು? ಎರವಲಾದರೆ 1872ರ ಕರಾರು ಕಾಯ್ದೆ ನಿಮ್ಮ ಬೆನ್ನಿಗಿದೆ: ಪಡೆದವರು ತಮ್ಮದೇ ವಸ್ತುವಿನಷ್ಟು ಜೋಪಾನ ಮಾಡಬೇಕು (ಕಲಂ 151), ಅವಧಿ ಮುಗಿದೊಡನೆ ಮರಳಿಸಬೇಕು (ಕಲಂ 160). ‘ಪ್ರದರ್ಶನಕ್ಕಾಗಿ ಎರವಲು’ ಎಂದೇ ಬರೆದು, ವಾಪಸಿನ ದಿನಾಂಕ ಹಾಕಿ, ಫೋಟೊ ಲಗತ್ತಿಸಿ, ಇಬ್ಬರೂ ಸಹಿ ಮಾಡಿ. ಸಹಿಗೆ ಹಿಂಜರಿಯುವವರಿಗೆ ಕೊಡಲೇಬೇಡಿ.

1918ರಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಕಾಲದ ಪದಕ ಕೆಲವು ಮನೆಗಳಲ್ಲಿರಬಹುದು. 100 ವರ್ಷ ದಾಟಿದ ಐತಿಹಾಸಿಕ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಮೆರಿಕದ ಮೊಮ್ಮಗನಿಗೆಂದು ಸೂಟ್‌ಕೇಸಿನಲ್ಲಿ ಕಳಿಸಿದರೂ ಅದು ಅಕ್ರಮ ರಫ್ತು. ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಸೆರೆ ಮತ್ತು ದಂಡ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲು ಪ್ರಮಾಣಪತ್ರ ಪಡೆಯಿರಿ.

ಕಳವಾದರೆ ಎಫ್‌ಐಆರ್ ಮಾಡಿಸಿ, ಅಂಚಿನ ಬರಹವನ್ನು ದೂರಿನಲ್ಲಿ ಅಕ್ಷರಶಃ ಬರೆಸಿ. ಪ್ರತಿ ಉಚಿತ. ಠಾಣೆಯವರು ದೂರು ದಾಖಲಿಸದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಬದಲಿ ಪದಕ ಕೇಳಬೇಕಾದದ್ದು ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯನ್ನು: ಮರಾಠಾ ಲೈಟ್ ಇನ್‌ಫ್ಯಾಂಟ್ರಿಯದು ಬೆಳಗಾವಿಯಲ್ಲಿದೆ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನದು ಬೆಂಗಳೂರಿನಲ್ಲಿ.

ಸಂದಿದ್ದರೂ ಕೈಸೇರದ ಪದಕಗಳೂ ಉಂಟು. 1971ರಲ್ಲಿ ಹೋರಾಡಿದವರ ಮನೆಯವರು ಸಂಗ್ರಾಮ ಪದಕ ಬಂದಿತ್ತೇ ಎಂದು ಒಮ್ಮೆ ಪರಿಶೀಲಿಸಲಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಹುತಾತ್ಮರಾದದ್ದು 1965ರ ಸೆಪ್ಟೆಂಬರ್ 7ರಂದು, ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ತಡವಾಯಿತೆಂದು ಕೈಚೆಲ್ಲಬೇಡಿ. ಡಿಸ್ಚಾರ್ಜ್ ಬುಕ್ಕಿನ ನಕಲಿಟ್ಟು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ಸ್ ಕಚೇರಿಗೆ ಬರೆಯಿರಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದೊಳಗೆ ಅವರು ಉತ್ತರಿಸಲೇಬೇಕು.