ಬಹುಮಾನದ ಆಟ: ಲೆಕ್ಕವೂ ಕಾಯಿದೆಯೂ



ಗಂಗಾವತಿಯ ಬತ್ತ, ಕೊಪ್ಪಳದ ಜೋಳ, ಕುಷ್ಟಗಿ-ಯಲಬುರ್ಗಾದ ಕಡಲೆ ಮಾರಿ ಕೈಗೆ ಹಣ ಬಂದಾಗಲೇ ಚೀಟಿ ಎತ್ತುವ ಆಟ, ಅಂಕಿ ಆಟಗಳು ಕೈಬೀಸಿ ಕರೆಯುತ್ತವೆ. ಆಡುವ ಮೊದಲು ಎರಡು ವಿಷಯ ತಿಳಿಯಿರಿ.

1. ಲೆಕ್ಕ: 10 ರೂಪಾಯಿಯ ಚೀಟಿಗಳು 100 ಎಂದುಕೊಳ್ಳಿ. ಕೂಡಿದ ಹಣ 1,000, ಬಹುಮಾನ 500. ಗೆಲ್ಲುವವನು ಒಬ್ಬ, ಸೋಲುವವರು 99 ಮಂದಿ. ಉಳಿದ 500 ಆಟ ನಡೆಸುವವನಿಗೆ. ಎಲ್ಲ ಚೀಟಿಗಳನ್ನೂ ನೀವೇ ಕೊಂಡರೂ 500 ನಷ್ಟವೇ!

2. ಕಾಯಿದೆ: ಬಹುಮಾನ ದೊಡ್ಡದಾದಷ್ಟೂ ಆಸೆ ದೊಡ್ಡದು. ಆದ್ದರಿಂದ ಅಕ್ಷರ, ಪದ, ಅಂಕಿಗಳನ್ನು ಜೋಡಿಸುವ ಒಗಟಿನ ಸ್ಪರ್ಧೆಗಳಿಗೆ 1955ರ ಬಹುಮಾನ ಸ್ಪರ್ಧೆಗಳ ಕಾಯಿದೆ ಮಿತಿ ಹಾಕಿತು: ತಿಂಗಳ ಬಹುಮಾನ 1,000 ರೂಪಾಯಿ ಮೀರಬಾರದು, ಪ್ರವೇಶಗಳು 2,000 ದಾಟಬಾರದು, ಲೈಸೆನ್ಸು ಬೇಕು. ಅದೃಷ್ಟವನ್ನೇ ನೆಚ್ಚಿದ ಇಂಥ ಸ್ಪರ್ಧೆ ವ್ಯಾಪಾರವಲ್ಲ, ಜೂಜು ಎಂದು 1957ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಟಕಾ ಆಟಕ್ಕೆ 1963ರ ಕರ್ನಾಟಕ ಪೊಲೀಸು ಕಾಯಿದೆಯಲ್ಲಿ ಶಿಕ್ಷೆಯಿದೆ. 2007ರಲ್ಲಿ ನಮ್ಮ ರಾಜ್ಯ ಲಾಟರಿ ಮಾರಾಟವನ್ನೇ ನಿಲ್ಲಿಸಿತು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯಿದೆ 2025ರಲ್ಲಿ ಬಂದಿತು.

ಆದರೆ ಕಾಯಿದೆ ನಿಮ್ಮ ಜೇಬನ್ನು ಕಾಯಲಾರದು. ಫಸಲಿನ ಹಣದಲ್ಲಿ ಮುಂದಿನ ಹಂಗಾಮಿನ ಬೀಜ-ಗೊಬ್ಬರದ ಪಾಲನ್ನು ಮೊದಲು ಎತ್ತಿಡಿ. ಅದು ಆಟಕ್ಕೆ ಹೋದರೆ ಬಿತ್ತನೆಗೆ ಸಾಲವೇ ಗತಿ.